ಶಾಖವನ್ನು ಹೊರುವ ನೀರು: ಮನೆಯ ಕಂಪ್ಯೂಟರಿನ ಶೀತಕ ವ್ಯವಸ್ಥೆ

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ಬಹಳ ಸಂಕೋಚಪಟ್ಟೆನು. ನಾನು ಸಾಹಿತಿಯಲ್ಲ, ಪಂಡಿತನೂ ಅಲ್ಲ. ಗದಗಿನ ಕಡೆಯಿಂದ 1981ರಲ್ಲಿ ವಾಸ್ಕೋಕ್ಕೆ ಬಂದು, ಮಾಂಡವಿ ಮತ್ತು ಝುವಾರಿ ನದಿಗಳಲ್ಲಿ ಅದಿರು ಸಾಗಿಸುತ್ತಿದ್ದ ಬಾರ್ಜುಗಳ ಎಂಜಿನುಗಳನ್ನು ದುರಸ್ತಿ ಮಾಡುತ್ತ ಕೂದಲು ನರೆಸಿಕೊಂಡವನು. 2012ರಲ್ಲಿ ಗಣಿಗಾರಿಕೆ ನಿಂತು ಬಾರ್ಜುಗಳು ದಡ ಸೇರಿದಾಗ ನಾನೂ ಮನೆ ಸೇರಿದೆನು. "ತಮಗೆ ತಿಳಿದಿರುವುದನ್ನೇ ಹೇಳಿರಿ, ನಮ್ಮ ಮಕ್ಕಳಿಗೆ ಪ್ರಯೋಜನವಾದರೆ ಸಾಕು" ಎಂದು ಅವರು ಒತ್ತಾಯಪಡಿಸಿದ ಕಾರಣ, ಈಚೆಗೆ ನನ್ನ ಮನೆಯಲ್ಲಿಯೇ ನಡೆದ ಒಂದು ಪ್ರಸಂಗವನ್ನು ಆಧಾರವಾಗಿಟ್ಟುಕೊಂಡು ಕಂಪ್ಯೂಟರನ್ನು ನೀರಿನಿಂದ ತಂಪಾಗಿಡುವ ವ್ಯವಸ್ಥೆಯ ಆರೈಕೆಯನ್ನು ಕುರಿತು ಮಾತನಾಡಲು ನಿಶ್ಚಯಿಸಿದೆನು. ಆ ಪ್ರಸಂಗದಲ್ಲಿ ತಪ್ಪು ಮಾಡಿದವನು ನಾನೇ ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಮಗಳು ಕಟ್ಟಡಗಳ ನಕ್ಷೆಗಳನ್ನು ತಯಾರಿಸುವ ಉದ್ಯೋಗವನ್ನು ಮನೆಯಿಂದಲೇ ಮಾಡುತ್ತಾಳೆ. ಅದಕ್ಕಾಗಿ 2019ರಲ್ಲಿ ಒಂದು ಬಲವಾದ ಕಂಪ್ಯೂಟರನ್ನು ಕೊಂಡೆವು. ಅದರ ಪೆಟ್ಟಿಗೆಯೊಳಗೆ ಎರಡು ಕಪ್ಪು ನಳಿಗೆಗಳನ್ನೂ ಒಂದು ಸಣ್ಣ ರೇಡಿಯೇಟರನ್ನೂ ಕಂಡಾಗ ನನಗೆ ಹಳೆಯ ಗೆಳೆಯನನ್ನು ಕಂಡಂತಾಯಿತು. ಜೀವಮಾನವೆಲ್ಲ ನಾನು ನೋಡಿಕೊಂಡು ಬಂದದ್ದು ಅದನ್ನೇ ಅಲ್ಲವೆ? ಹಾಗೆಂದು ಹಿಗ್ಗಿದ್ದೇ ನನಗೆ ಮುಳುವಾಯಿತು. ಅದನ್ನು ಹೇಳುವ ಮುನ್ನ ಈ ವ್ಯವಸ್ಥೆಯ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು.

ಕಂಪ್ಯೂಟರಿನಲ್ಲಿ ಲೆಕ್ಕವನ್ನೆಲ್ಲ ಮಾಡುವ ಭಾಗಕ್ಕೆ ಪ್ರೊಸೆಸರು ಎಂದು ಹೆಸರು. ಅದರ ಒಳಗಿರುವ ಸಿಲಿಕಾನಿನ ಬಿಲ್ಲೆಯು ಹೆಬ್ಬೆಟ್ಟಿನ ಉಗುರಿನಷ್ಟೇ ದೊಡ್ಡದು. ಸಾಧಾರಣ ಮನೆಯ ಕಂಪ್ಯೂಟರಿನಲ್ಲಿ ಅದು 65 ವ್ಯಾಟಿನಷ್ಟು ವಿದ್ಯುತ್ತನ್ನು ಬಳಸಿದರೆ, ಬಲವಾದವುಗಳು ಪೂರ್ಣ ಶ್ರಮದಲ್ಲಿ 200 ವ್ಯಾಟನ್ನೂ ದಾಟುವುದುಂಟು. ಬಳಸಿದ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬೀಳಬೇಕು. ಹಳೆಯ ಕಾಲದ 100 ವ್ಯಾಟಿನ ಬಲ್ಬನ್ನು ಕೈಯಿಂದ ಮುಟ್ಟಲಾಗುತ್ತಿರಲಿಲ್ಲ. ಅಂಥ ಎರಡು ಬಲ್ಬುಗಳ ಶಾಖವು ಉಗುರಿನಷ್ಟು ಜಾಗದಲ್ಲಿ ಹುಟ್ಟುವುದನ್ನು ಊಹಿಸಿಕೊಳ್ಳಿರಿ. ಆ ಶಾಖವನ್ನು ಕ್ಷಣಕ್ಷಣಕ್ಕೂ ಸಾಗಿಸದೆ ಹೋದರೆ ಪ್ರೊಸೆಸರಿನ ಉಷ್ಣತೆಯು 95 ರಿಂದ 100 ಡಿಗ್ರಿ ಸೆಲ್ಸಿಯಸ್ಸಿಗೆ ಏರಿ, ಅದು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಗ್ಗಿಸುತ್ತದೆ. ಆಗಲೂ ಉಷ್ಣತೆ ಇಳಿಯದಿದ್ದರೆ ಯಂತ್ರವು ತಾನಾಗಿಯೇ ನಿಂತುಹೋಗುತ್ತದೆ.

ಸಾಗಿಸುವ ಕೆಲಸಕ್ಕೆ ಗಾಳಿಗಿಂತ ನೀರು ಬಹಳ ಸಮರ್ಥವಾದುದು. ಒಂದೇ ಗಾತ್ರದ ಗಾಳಿಯನ್ನೂ ನೀರನ್ನೂ ಹೋಲಿಸಿದರೆ, ಒಂದು ಡಿಗ್ರಿ ಬಿಸಿಯಾಗುವಷ್ಟರಲ್ಲಿ ನೀರು ಗಾಳಿಗಿಂತ ಮೂರು ಸಾವಿರ ಪಟ್ಟಿಗೂ ಮಿಕ್ಕಿ ಶಾಖವನ್ನು ಹೀರಿಕೊಳ್ಳುತ್ತದೆ. ಆದುದರಿಂದಲೇ ದೊಡ್ಡ ಯಂತ್ರಗಳನ್ನು ಕಟ್ಟುವವರು ದ್ರವಗಳ ಮೊರೆ ಹೊಕ್ಕರು. 1985ರಲ್ಲಿ ಅಮೆರಿಕದಲ್ಲಿ ಹೊರಬಂದ ಕ್ರೇ-2 ಎಂಬ ಮಹಾಗಣಕದ ವಿದ್ಯುತ್ ಫಲಕಗಳು, ವಿದ್ಯುತ್ತನ್ನು ಹರಿಯಗೊಡದ ಒಂದು ವಿಶೇಷ ದ್ರವದಲ್ಲಿ ಪೂರ್ತಿಯಾಗಿ ಮುಳುಗಿದ್ದವು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗವು ಸೆಕೆಂಡಿಗೆ 3300 ಲಕ್ಷ ಕೋಟಿ ಲೆಕ್ಕಗಳನ್ನು ಮಾಡಬಲ್ಲ ಶಕ್ತಿಯುಳ್ಳದ್ದು. ಅದರ ಪ್ರೊಸೆಸರುಗಳ ಶಾಖವನ್ನೂ ನಳಿಗೆಗಳಲ್ಲಿ ಹರಿಯುವ ದ್ರವವೇ ಹೊತ್ತೊಯ್ಯುತ್ತದೆ. ಅದೇ ಉಪಾಯವು ಸಣ್ಣ ರೂಪದಲ್ಲಿ ಈಗ ನಮ್ಮ ಮನೆಗಳಿಗೂ ಬಂದಿದೆ.

ಬಾರ್ಜಿನಲ್ಲಿ ದುಡಿದವರು ಇಲ್ಲಿ ಹಲವರಿದ್ದೀರಿ. ಅದರ ಎಂಜಿನಿನಲ್ಲಿ ನೀರಿಗೆ ಎರಡು ದಾರಿಗಳಿರುವುದನ್ನು ತಾವು ಬಲ್ಲಿರಿ. ಎಂಜಿನಿನ ಮೈಯನ್ನು ಸುತ್ತಿ ಬರುವ ಸಿಹಿನೀರು ಒಳಗಿನದು, ನದಿಯಿಂದ ಎಳೆದು ಹೊರಕ್ಕೆ ಬಿಡುವ ಉಪ್ಪುನೀರು ಹೊರಗಿನದು. ಒಳಗಿನದು ಶಾಖವನ್ನು ತಂದು ಒಪ್ಪಿಸುತ್ತದೆ, ಹೊರಗಿನದು ಅದನ್ನು ಕೊಂಡೊಯ್ಯುತ್ತದೆ, ಎರಡೂ ಒಂದಕ್ಕೊಂದು ಬೆರೆಯುವುದಿಲ್ಲ. ಕಂಪ್ಯೂಟರಿನಲ್ಲಿಯೂ ಇದೇ ಕ್ರಮ. ಪ್ರೊಸೆಸರಿನ ಮೇಲೆ ತಾಮ್ರದ ತಟ್ಟೆಯೊಂದು ಕೂತಿರುತ್ತದೆ. ಅದರ ಒಳಮೈಯಲ್ಲಿ ಕೂದಲಿನಷ್ಟು ಸಣ್ಣ ಸಂದುಗಳುಂಟು. ಪಂಪು ದ್ರವವನ್ನು ಆ ಸಂದುಗಳ ಮೂಲಕ ನೂಕುತ್ತದೆ. ಬಿಸಿಯಾದ ದ್ರವವು ನಳಿಗೆಯ ಮೂಲಕ ರೇಡಿಯೇಟರಿಗೆ ಹೋಗುತ್ತದೆ. ಅಲ್ಲಿ ಫ್ಯಾನು ಬೀಸುವ ಗಾಳಿಯು ಶಾಖವನ್ನು ಕೋಣೆಗೆ ಚೆಲ್ಲುತ್ತದೆ. ನದಿಯ ಸ್ಥಾನದಲ್ಲಿ ಇಲ್ಲಿ ಕೋಣೆಯ ಗಾಳಿ ಇದೆ ಎಂಬುದಷ್ಟೇ ವ್ಯತ್ಯಾಸ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದು ಅದರ ಮೈಯಿಂದ ತೇವವು ಆವಿಯಾಗಿ ಹೋಗುವುದರಿಂದ. ಕಂಪ್ಯೂಟರಿನೊಳಗಿನ ನೀರು ಮುಚ್ಚಿದ ದಾರಿಯಲ್ಲಿ ಸುತ್ತುವಂಥದು, ಅಲ್ಲಿ ಆವಿಯಾಗುವ ಮಾತಿಲ್ಲ. ಆ ನೀರು ತಂಪನ್ನು ಹುಟ್ಟಿಸಲಾರದು, ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತು ಹಾಕುವುದಷ್ಟೇ ಅದರ ಕೆಲಸ. ಆದ್ದರಿಂದ ಕೋಣೆಯು 32 ಡಿಗ್ರಿ ಇದ್ದರೆ ಪ್ರೊಸೆಸರು ಅದಕ್ಕಿಂತ ಕೆಳಗೆ ಇಳಿಯದು. ಮೇ ತಿಂಗಳ ಸೆಖೆಯಲ್ಲಿ ಕಿಟಕಿಯಿಲ್ಲದ ಮೂಲೆಯಲ್ಲಿ ಕಂಪ್ಯೂಟರನ್ನು ಗೋಡೆಗೆ ಒತ್ತಿ ಇಟ್ಟರೆ, ಒಳಗೆ ಎಷ್ಟು ನೀರಿದ್ದರೇನು?

ಈಗ ನನ್ನ ತಪ್ಪಿನ ಕಥೆ. 2022ರಲ್ಲಿ ಒಂದು ದಿನ ಕಂಪ್ಯೂಟರಿನೊಳಗಿಂದ ಗುಳುಗುಳು ಸದ್ದು ಕೇಳಿಬಂದಿತು. ಮಗಳು "ಅಪ್ಪಾ, ಕೊಂಡವರನ್ನೇ ಕೇಳೋಣ, ಇನ್ನೂ ಗ್ಯಾರಂಟಿ ಇದೆ" ಎಂದಳು. "ನೀರು ಕಡಿಮೆಯಾಗಿದೆಯಮ್ಮಾ, ಮೂವತ್ತು ವರ್ಷ ಇದನ್ನೇ ಮಾಡಿದ್ದೇನೆ" ಎಂದು ನಾನು ಬಿಗುಮಾನದಿಂದ ನುಡಿದೆನು. ಅಂಟಿಸಿದ್ದ ಮೊಹರಿನ ಚೀಟಿಯನ್ನು ಹರಿದು, ಅದರಡಿಯ ತಿರುಪನ್ನು ಬಿಚ್ಚಿ, ನಮ್ಮ ಬಾವಿಯ ನೀರನ್ನು ಕುದಿಸಿ ಆರಿಸಿ ತುಂಬಿದೆನು. ಸದ್ದು ನಿಂತಿತು. ನನ್ನ ಹೆಮ್ಮೆಗೆ ಪಾರವಿರಲಿಲ್ಲ.

2024ರ ಜುಲೈ ತಿಂಗಳಲ್ಲಿ, ಮಳೆ ಬಿಡದೆ ಹೊಡೆಯುತ್ತಿದ್ದ ಒಂದು ವಾರ, ಮಗಳು ದೊಡ್ಡದೊಂದು ನಕ್ಷೆಯನ್ನು ಮುಗಿಸಿ ಕಳಿಸಬೇಕಾದ ದಿನವೇ ಯಂತ್ರವು ಎರಡೆರಡು ನಿಮಿಷಕ್ಕೆ ನಿಲ್ಲತೊಡಗಿತು. ಒಂದು ಅಂಗಡಿಗೆ ಹೊತ್ತುಕೊಂಡು ಹೋದೆವು. ಅವರು ಪೆಟ್ಟಿಗೆಯನ್ನು ತೆರೆದು ನೋಡಿದಂತೆ ಮಾಡಿ, ಮದರ್‌ಬೋರ್ಡೂ ಪ್ರೊಸೆಸರೂ ಸುಟ್ಟಿವೆ, ಹೊಸದನ್ನೇ ಕೊಳ್ಳಬೇಕು ಎಂದರು. ಅದು ಲಕ್ಷ ರೂಪಾಯಿಯ ಸಮೀಪದ ಮಾತು. ಮಗಳು ಏನೂ ಹೇಳಲಿಲ್ಲ. ಆ ರಾತ್ರಿ ನೆರೆಮನೆಯವರ ಕಂಪ್ಯೂಟರಿನ ಮುಂದೆ ಕುಳಿತು ಕೆಲಸ ಮುಗಿಸಿದಳು. ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟಿದ್ದಳಾದ್ದರಿಂದ ಮಾನ ಉಳಿಯಿತು.

ಮರುದಿನ ನಮ್ಮ ಕೇರಿಯ ಹುಡುಗನೊಬ್ಬನು ಬಂದನು. ಕನ್ನಡ ಶಾಲೆಯಲ್ಲಿ ಓದಿ ಈಗ ಕಂಪ್ಯೂಟರ್ ದುರಸ್ತಿಯಿಂದ ಜೀವನ ಮಾಡುವವನು. ಅವನು ಮೊದಲು ಏನನ್ನೂ ಬಿಚ್ಚಲಿಲ್ಲ. ಯಂತ್ರವನ್ನು ಹಚ್ಚಿ, ಎರಡು ನಳಿಗೆಗಳನ್ನೂ ರೇಡಿಯೇಟರನ್ನೂ ಬೆರಳಿನಿಂದ ಮುಟ್ಟಿ ನೋಡಿದನು. ಪಂಪಿನ ಮೇಲೆ ಬೆರಳಿಟ್ಟು ಕಂಪನವಿದೆಯೇ ಎಂದು ಪರೀಕ್ಷಿಸಿದನು. ಆಮೇಲೆ ನನ್ನ ಮುಖ ನೋಡಿ, "ಕಾಕಾ, ಇದರಾಗ ಯಾವ ನೀರು ಹಾಕೀರಿ?" ಎಂದು ಕೇಳಿದನು. ನನಗೆ ನಾಚಿಕೆಯಾಯಿತು. ಎಂಜಿನಿನ ಒಳದಾರಿಗೆ ಕಂಡಕಂಡ ನೀರನ್ನು ಹಾಕಬೇಡಿರೆಂದು ಎಷ್ಟೋ ಹುಡುಗರನ್ನು ಗದರಿಸಿದ್ದವನು ನಾನೇ.

ತಟ್ಟೆಯನ್ನು ಬಿಚ್ಚಿ ನೋಡಿದಾಗ ಕಾರಣ ಸ್ಪಷ್ಟವಾಯಿತು. ಬಾವಿಯ ನೀರಿನಲ್ಲಿ ಕರಗಿರುವ ಲವಣಗಳು ಕುದಿಸಿದ ಮಾತ್ರಕ್ಕೆ ಹೋಗುವುದಿಲ್ಲ. ತಟ್ಟೆಯು ತಾಮ್ರದ್ದು, ರೇಡಿಯೇಟರು ಅಲ್ಯೂಮಿನಿಯಮ್ಮಿನದು. ಎರಡು ಬೇರೆ ಲೋಹಗಳ ನಡುವೆ ಲವಣದ ನೀರು ನಿಂತರೆ ಸಣ್ಣದೊಂದು ಬ್ಯಾಟರಿಯೇ ಆಗಿ, ಅಲ್ಯೂಮಿನಿಯಮ್ಮು ಸವೆಯತೊಡಗುತ್ತದೆ. ಬಾರ್ಜಿನ ಉಪ್ಪುನೀರಿನ ದಾರಿಯಲ್ಲಿ ಸತುವಿನ ತುಂಡುಗಳನ್ನು ಹಾಕಿ, ಬೇರೆ ಭಾಗಗಳಿಗೆ ಬದಲಾಗಿ ಅವು ಸವೆಯುವಂತೆ ನಾವು ಮಾಡುತ್ತಿದ್ದುದು ಇದೇ ಕಾರಣಕ್ಕೆ. ಕಂಪ್ಯೂಟರನ್ನು ತಯಾರಿಸುವವರು ಆ ಸವೆತವನ್ನು ತಡೆಯಲು ದ್ರವದಲ್ಲಿ ಗ್ಲೈಕಾಲನ್ನೂ ತುಕ್ಕುನಿರೋಧಕಗಳನ್ನೂ ಪಾಚಿನಾಶಕವನ್ನೂ ಬೆರೆಸಿರುತ್ತಾರೆ. ನಾನು ಬಾವಿಯ ನೀರು ಸುರಿದು ಆ ಹದವನ್ನು ಕೆಡಿಸಿದ್ದೆನು. ಸವೆದ ಪುಡಿಯೂ ಲವಣವೂ ಕೂಡಿ ಬಿಳಿಯ ಕೆಸರಾಗಿ ತಾಮ್ರದ ಸಂದುಗಳನ್ನು ಮುಚ್ಚಿದ್ದವು, ಪಂಪು ಸಿಕ್ಕಿಕೊಂಡಿತ್ತು.

ಅದಕ್ಕಿಂತ ನೋವಿನ ಸಂಗತಿ ಇನ್ನೊಂದುಂಟು. 2022ರಲ್ಲಿ ನೀರು ಕಡಿಮೆಯಾಗಿಯೇ ಇರಲಿಲ್ಲವೆಂದು ಹುಡುಗನು ತೋರಿಸಿಕೊಟ್ಟನು. ಇಂಥ ವ್ಯವಸ್ಥೆಯೊಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ಅದು ಯಾವಾಗಲೂ ಎತ್ತರದ ಸ್ಥಾನಕ್ಕೆ ಹೋಗಿ ಸೇರುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ರೇಡಿಯೇಟರನ್ನು ಪಂಪಿಗಿಂತ ಕೆಳಗೆ ಕೂರಿಸಿದ್ದರಿಂದ ಗಾಳಿಯೆಲ್ಲ ಪಂಪಿನಲ್ಲಿ ನಿಂತು ಸದ್ದು ಮಾಡುತ್ತಿತ್ತು. ರೇಡಿಯೇಟರಿನ ತಲೆಯು ಪಂಪಿಗಿಂತ ಮೇಲಿರುವಂತೆ ನಾಲ್ಕು ತಿರುಪುಗಳನ್ನು ಬದಲಿಸಿದ್ದರೆ ಸಾಕಾಗಿತ್ತು. ಒಂದು ಪಕ್ಷ ಯಂತ್ರವೇ ಕೆಟ್ಟಿದ್ದರೂ ಐದು ವರ್ಷದ ಗ್ಯಾರಂಟಿಯಲ್ಲಿ ಹೊಸದು ಬರುತ್ತಿತ್ತು. ಆ ಹಕ್ಕನ್ನು ನಾನು ಮೊಹರಿನ ಚೀಟಿಯೊಡನೆ ಹರಿದು ಎಸೆದಿದ್ದೆನು.

ಪ್ರೊಸೆಸರಿಗಾಗಲಿ ಮದರ್‌ಬೋರ್ಡಿಗಾಗಲಿ ಏನೂ ಆಗಿರಲಿಲ್ಲ. ಅವು ತಮ್ಮನ್ನು ಕಾಪಾಡಿಕೊಳ್ಳಲೆಂದೇ ನಿಲ್ಲುತ್ತಿದ್ದವು. ಮೂರು ಸಾವಿರ ರೂಪಾಯಿಯೊಳಗೆ ಗಾಳಿಯಿಂದ ತಂಪಾಗಿಸುವ ಒಳ್ಳೆಯ ಕೂಲರನ್ನು ಹಾಕಿದೆವು. ಅದು ಇಂದಿಗೂ ಚೆನ್ನಾಗಿ ನಡೆಯುತ್ತಿದೆ.

ಸೋದರ ಸೋದರಿಯರೇ, ಈ ಅನುಭವದಿಂದ ನಾನು ಕಲಿತದ್ದನ್ನು ಕ್ರಮವಾಗಿ ತಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಯಂತ್ರವು ಆರೋಗ್ಯವಾಗಿರುವಾಗಲೇ ಅದರ ನಾಡಿಯನ್ನು ನೋಡಿ ಬರೆದಿಡಬೇಕು. ಕಂಪ್ಯೂಟರನ್ನು ಹಚ್ಚಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತಿದರೆ ಸಾಮಾನ್ಯವಾಗಿ ಒಂದು ಪರದೆ ತೆರೆಯುತ್ತದೆ. ಅದರಲ್ಲಿ ಪ್ರೊಸೆಸರಿನ ಉಷ್ಣತೆಯೂ ಪಂಪು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆಯೆಂಬುದೂ ಕಾಣಿಸುತ್ತವೆ. ಕೊಂಡ ಹೊಸತರಲ್ಲಿ ಆ ಅಂಕಿಗಳನ್ನೂ ಅಂದಿನ ಕೋಣೆಯ ಸೆಖೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿರಿ. ಮುಂದೆ ಅದೇ ಕೆಲಸಕ್ಕೆ ಅದೇ ಸೆಖೆಯಲ್ಲಿ ಉಷ್ಣತೆಯು ಹತ್ತು ಡಿಗ್ರಿ ಹೆಚ್ಚಾಗಿ ಕಂಡರೆ ಯಂತ್ರವು ಏನನ್ನೋ ಹೇಳುತ್ತಿದೆಯೆಂದು ತಿಳಿಯಿರಿ. ಪಂಪಿನ ಸುತ್ತು ಸೊನ್ನೆಯಾಗಿದ್ದರೆ ಕೂಡಲೇ ನಿಲ್ಲಿಸಿರಿ. ಕೆಲವೊಮ್ಮೆ ಪಂಪಿನ ತಂತಿಯು ತನ್ನ ಜಾಗದಿಂದ ಸಡಿಲವಾಗಿರುವುದೂ ಉಂಟು. ಅದನ್ನು ಮೊದಲು ನೋಡಬೇಕು.

ಎರಡನೆಯದಾಗಿ, ಬೆರಳಿನಿಂದ ರೋಗವನ್ನು ಗುರುತಿಸಬಹುದು. ರೇಡಿಯೇಟರೂ ಬಿಸಿ, ಪ್ರೊಸೆಸರೂ ಬಿಸಿಯಾಗಿದ್ದರೆ ನೀರು ತನ್ನ ಕೆಲಸ ಮಾಡುತ್ತಿದೆ, ಗಾಳಿ ಮಾಡುತ್ತಿಲ್ಲ. ಫ್ಯಾನು ನಿಂತಿರಬಹುದು, ಅಥವಾ ರೆಕ್ಕೆಗಳ ಸಂದಿನಲ್ಲಿ ಧೂಳು ತುಂಬಿರಬಹುದು. ಪ್ರೊಸೆಸರು ಬಿಸಿ, ರೇಡಿಯೇಟರು ತಣ್ಣಗೆ, ಪಂಪಿನಲ್ಲಿ ಕಂಪನವಿಲ್ಲ ಎಂದರೆ ಪಂಪು ನಿಂತಿದೆ. ಪಂಪು ನಡೆಯುತ್ತಿದ್ದರೂ ರೇಡಿಯೇಟರು ತಣ್ಣಗಿದ್ದು, ಕೆಲಸ ಕೊಟ್ಟ ಕ್ಷಣದಲ್ಲಿಯೇ ಉಷ್ಣತೆ ನೆಗೆದರೆ ಎರಡು ಕಾರಣಗಳಿರಬಹುದು. ತಟ್ಟೆಯ ಒಳದಾರಿ ಕಟ್ಟಿಕೊಂಡಿರಬೇಕು, ಇಲ್ಲವೆ ತಟ್ಟೆಗೂ ಪ್ರೊಸೆಸರಿಗೂ ನಡುವೆ ಹಚ್ಚಿದ ಲೇಪವು ಒಣಗಿರಬೇಕು. ಲೇಪವಾದರೆ ಸುಲಭ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಲೇಪವನ್ನು ನಡುವೆ ಇಟ್ಟು, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಲೇಪ ಹೆಚ್ಚಾದಷ್ಟೂ ಗುಣ ಹೆಚ್ಚೆಂಬುದು ಸುಳ್ಳು.

ಮೂರನೆಯದಾಗಿ, ನಮ್ಮ ಗೋವೆಯ ಹವೆಯನ್ನು ಮರೆಯಬಾರದು. ಇಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರ ಬಹುಭಾಗ ಜೂನಿನಿಂದ ಸಪ್ಟೆಂಬರಿನೊಳಗೆ. ಗಾಳಿಯಲ್ಲಿ ಸಮುದ್ರದ ಉಪ್ಪು. ಈ ತೇವಕ್ಕೆ ಧೂಳು ಅಂಟಾಗಿ ರೇಡಿಯೇಟರಿನ ರೆಕ್ಕೆಗಳಿಗೆ ಕಚ್ಚಿಕೊಳ್ಳುತ್ತದೆ, ಉಪ್ಪು ಆ ತೆಳುವಾದ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಆದ್ದರಿಂದ ಮಳೆಗೆ ಮುನ್ನ ಮೇ ತಿಂಗಳಲ್ಲಿ ಒಮ್ಮೆ, ಮಳೆ ಕಳೆದ ಮೇಲೆ ಅಕ್ಟೋಬರಿನಲ್ಲಿ ಇನ್ನೊಮ್ಮೆ ಶುಚಿ ಮಾಡುವುದು ಒಳ್ಳೆಯ ಪದ್ಧತಿ. ಮೊದಲು ಗೋಡೆಯ ಪ್ಲಗ್ಗನ್ನು ಕಿತ್ತುಹಾಕಿ, ಹಚ್ಚುವ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ, ಒಳಗೆ ಉಳಿದ ವಿದ್ಯುತ್ತು ಇಳಿಯಲಿ. ಮೆತ್ತನೆಯ ಒಣ ಕುಂಚದಿಂದ ಧೂಳನ್ನು ಬಿಡಿಸಿ, ಬ್ಲೋವರಿನಿಂದ ಊದಿರಿ. ಊದುವಾಗ ಫ್ಯಾನಿನ ಎಸಳನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಕೆಡುತ್ತದೆ. ಒದ್ದೆ ಬಟ್ಟೆಯನ್ನು ಮುಟ್ಟಿಸಲೇಬಾರದು. ವಿದ್ಯುತ್ತನ್ನು ಹಂಚುವ ಒಳಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಬಿಚ್ಚಕೂಡದು, ಅದರೊಳಗೆ ಪ್ಲಗ್ಗು ಕಿತ್ತ ಮೇಲೂ ಅಪಾಯವಿರುತ್ತದೆ.

ನಾಲ್ಕನೆಯದಾಗಿ, ದ್ರವದ ವಿಷಯ. ಕಾರ್ಖಾನೆಯಲ್ಲಿಯೇ ತುಂಬಿ ಮುಚ್ಚಿ ಬಂದ ವ್ಯವಸ್ಥೆಯನ್ನು ತೆರೆಯಬೇಡಿರಿ. ವರ್ಷಗಳು ಕಳೆದಂತೆ ನಳಿಗೆಯ ಮೈಯಿಂದ ಸ್ವಲ್ಪಸ್ವಲ್ಪವೇ ನೀರು ಹೊರಗೆ ಹೋಗುವುದು ನಿಜ. ಅದಕ್ಕೇ ಅಂಥವುಗಳಿಗೆ ಐದಾರು ವರ್ಷದ ಗ್ಯಾರಂಟಿ ಕೊಡುವುದು ರೂಢಿ. ಆಯುಷ್ಯ ತೀರಿದಾಗ ಬದಲಾಯಿಸುವುದೇ ಸರಿ. ಭಾಗಗಳನ್ನು ಬಿಡಿಬಿಡಿಯಾಗಿ ಕೊಂಡು ತಾವೇ ಜೋಡಿಸಿಕೊಂಡವರ ಮಾತು ಬೇರೆ. ಅವರು ತಾಮ್ರದೊಡನೆ ಅಲ್ಯೂಮಿನಿಯಮ್ಮನ್ನು ಬೆರೆಸಬಾರದು, ಇದಕ್ಕೆಂದೇ ತಯಾರಾದ ಶೀತಕವನ್ನೇ ಬಳಸಿ ವರ್ಷಕ್ಕೊಮ್ಮೆ ಬದಲಾಯಿಸಬೇಕು. ಬದಲಾಯಿಸಿದ ಮೇಲೆ ಕೀಲುಗಳ ಕೆಳಗೆ ಒಣ ಕಾಗದ ಹಾಸಿ, ಉಳಿದ ಭಾಗಗಳಿಗೆ ವಿದ್ಯುತ್ತು ಕೊಡದೆ ಪಂಪನ್ನು ಮಾತ್ರ ಹಲವು ಗಂಟೆಗಳ ಕಾಲ ನಡೆಸಿ, ಕಾಗದ ಒದ್ದೆಯಾಗಲಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ತಾಯಂದಿರು ಗಮನಿಸಬೇಕು: ಗ್ಲೈಕಾಲಿನಲ್ಲಿ ವಿಷದ ಬಗೆಗಳಿವೆ, ರುಚಿ ಮಾತ್ರ ಸಿಹಿ. ಉಳಿದ ಸೀಸೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿರಿ.

ಕೊನೆಯದಾಗಿ, ದ್ರವವು ಸೋರಿದ್ದು ಕಂಡರೆ ಮೊದಲು ಗೋಡೆಯ ಸ್ವಿಚ್ಚನ್ನು ಆರಿಸಬೇಕು. "ನಡೆಯುತ್ತದೋ ನೋಡೋಣ" ಎಂದು ಮತ್ತೆ ಹಚ್ಚುವುದರಿಂದಲೇ ಹೆಚ್ಚಿನ ನಷ್ಟವಾಗುವುದು. ಒದ್ದೆಯಾದ ಭಾಗಗಳನ್ನು ತೆಗೆದು ಒರೆಸಿ, ಗಾಳಿಯಾಡುವ ಒಣ ಜಾಗದಲ್ಲಿ ಎರಡು ದಿನವಾದರೂ ಇಡಬೇಕು, ಮಳೆಗಾಲವಾದರೆ ಇನ್ನೂ ಹೆಚ್ಚು. ಸೋರಿದ ಕೂಲರನ್ನು ಅಂಟು ಹಚ್ಚಿ ಮತ್ತೆ ಬಳಸುವ ಆಶೆ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಮುಚ್ಚಿಡಬಾರದು. ಪತ್ರ ಬರೆಯಲು, ಮಕ್ಕಳ ಅಭ್ಯಾಸಕ್ಕೆ, ಲೆಕ್ಕಪತ್ರಕ್ಕೆ ಬಳಸುವ ಕಂಪ್ಯೂಟರಿಗೆ ನೀರಿನ ವ್ಯವಸ್ಥೆಯ ಅಗತ್ಯವೇ ಇಲ್ಲ. ಗಾಳಿಯ ಕೂಲರು ಅಗ್ಗ, ಅದರಲ್ಲಿ ಸೋರುವುದಕ್ಕೆ ಏನೂ ಇಲ್ಲ. ಅಂಗಡಿಯವರು ಬಣ್ಣದ ದೀಪಗಳನ್ನು ತೋರಿಸಿದಾಗ ತಮ್ಮ ಕೆಲಸಕ್ಕೆ ಏನು ಬೇಕೆಂಬುದನ್ನು ಮೊದಲು ಯೋಚಿಸಿರಿ. ಹಾಗೆಯೇ ಯಾರಾದರೂ "ಎಲ್ಲ ಸುಟ್ಟಿದೆ" ಎಂದರೆ, ಯಾವುದನ್ನು ಅಳೆದು ನೋಡಿದಿರಿ, ಉಷ್ಣತೆ ಎಷ್ಟಿತ್ತು, ಪಂಪು ತಿರುಗುತ್ತಿತ್ತೇ ಎಂದು ವಿನಯದಿಂದ ಕೇಳಿರಿ. ಈ ಮೂರು ಪ್ರಶ್ನೆಗಳು ಗೊತ್ತಿಲ್ಲದ್ದರಿಂದ ನಮ್ಮ ಮನೆಯಿಂದ ಒಂದು ಲಕ್ಷ ರೂಪಾಯಿ ಹೋಗುವುದರಲ್ಲಿತ್ತು.

ಆ ಹುಡುಗನು ಕೆಲಸ ಮುಗಿಸಿದ ಮೇಲೆ ನಾನು ಅವನಿಗೆ ಬಾರ್ಜಿನ ಸತುವಿನ ತುಂಡಿನ ವಿಷಯ ಹೇಳಿದೆನು. ಅವನಿಗೆ ಅದು ಹೊಸದು. ಅವನು ನನಗೆ ಕೂದಲಿನಷ್ಟು ಸಣ್ಣ ಸಂದುಗಳ ವಿಷಯ ಹೇಳಿದನು. ನನಗೆ ಅದು ಹೊಸದು. ಇಬ್ಬರೂ ಚಹ ಕುಡಿಯುತ್ತ ಒಂದು ಗಂಟೆ ಮಾತನಾಡಿದೆವು, ಎಲ್ಲವನ್ನೂ ನಮ್ಮ ಭಾಷೆಯಲ್ಲಿಯೇ. ಈಗ ಭಾನುವಾರದಂದು ಅವನು ನಮ್ಮ ಮನೆಗೆ ಬರುತ್ತಾನೆ, ಕೇರಿಯ ಇನ್ನೂ ಮೂವರು ಮಕ್ಕಳು ಜೊತೆಗೆ ಕೂಡುತ್ತಾರೆ. ಕೆಟ್ಟುಹೋದ ನನ್ನ ಆ ಕೂಲರನ್ನೇ ಮೇಜಿನ ಮೇಲೆ ಬಿಚ್ಚಿಟ್ಟು ಅವರಿಗೆ ತೋರಿಸುತ್ತೇವೆ. ಬಿಳಿಯ ಕೆಸರು ಅದರಲ್ಲಿ ಹಾಗೆಯೇ ಇದೆ, ತೊಳೆಯದೆ ಉಳಿಸಿದ್ದೇನೆ. ಕಲಿಯಬೇಕೆಂಬ ಆಸೆಯುಳ್ಳ ಮಕ್ಕಳನ್ನು ತಾವೂ ಕಳಿಸಿಕೊಡಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇನೆ.